ಕೋವಿಡ್ ಹೋಯಿತು, ಸುಸ್ತು ಹೋಗಲಿಲ್ಲ: ಲಾಂಗ್ ಕೋವಿಡ್ ಇರುವವರು ಮತ್ತು ಅವರ ಮನೆಯವರು ಏನು ಮಾಡಬೇಕು

ಮಂಗಳೂರು, ಉಡುಪಿ ಕಡೆ ಈಗ ಕೋವಿಡ್ ಬಗ್ಗೆ ಯಾರೂ ಮಾತಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2023ರ ಮೇ 5ರಂದು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಹೇಳಿತು. ಆದರೆ ಆ ಜ್ವರ ಬಿಟ್ಟ ಮೇಲೂ ಹಾಸಿಗೆಯಿಂದ ಏಳಲಾಗದವರು, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಡವಡವ ಹೊಡೆದುಕೊಳ್ಳುವವರು, ಓದಿದ ಸಾಲು ಆಗಲೇ ಮರೆತು ಹೋಗುವವರು ನಮ್ಮ ನಡುವೆ ಇನ್ನೂ ಇದ್ದಾರೆ. ರಿಪೋರ್ಟ್ ಎಲ್ಲ ನಾರ್ಮಲ್. ಮನೆಯವರಿಗೆ ಅನುಮಾನ. ಕೊನೆಗೆ ತಮಗೇ ತಮ್ಮ ಮೇಲೆ ಅನುಮಾನ. ಈ ಬರಹ ಅವರಿಗೆ, ಮತ್ತೆ ಅವರ ಜೊತೆ ಒಂದೇ ಮನೆಯಲ್ಲಿ ಇರುವವರಿಗೆ.

ನಾನು ಡಾಕ್ಟರ್ ಅಲ್ಲ. ಸುರತ್ಕಲ್‌ನಲ್ಲಿರುವ ನನ್ನ ಅಕ್ಕನಿಗೆ 2021ರ ಎರಡನೇ ಅಲೆಯ ನಂತರ ಇದು ಅಂಟಿಕೊಂಡಿತು. ಅವಳ ಜೊತೆ ಆಸ್ಪತ್ರೆಗೆ ಓಡಾಡುತ್ತಾ, ಓದುತ್ತಾ, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳುತ್ತಾ ತಿಳಿದದ್ದನ್ನು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಓದಲು ತ್ರಾಣ ಇಲ್ಲದಿದ್ದರೆ ಇಷ್ಟು ಮಾತ್ರ ತಲೆಯಲ್ಲಿಡಿ: ಈ ಕಾಯಿಲೆಯಲ್ಲಿ ತುಂಬಾ ಜನರಿಗೆ ಇವತ್ತು ಮಾಡಿದ ಕೆಲಸದ ಸುಸ್ತು ನಾಳೆಯೋ ನಾಡಿದ್ದೋ ಬರುತ್ತದೆ. ಉಳಿದದ್ದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಹೆಜ್ಜೆ 1: ಇದು ಲಾಂಗ್ ಕೋವಿಡ್ ಹೌದಾ ನೋಡಿ

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ಕೋವಿಡ್ ಬಂದು ಸುಮಾರು 3 ತಿಂಗಳಾದರೂ ತೊಂದರೆ ಇರಬೇಕು, ಆ ತೊಂದರೆ ಕನಿಷ್ಠ 2 ತಿಂಗಳು ನಡೆದಿರಬೇಕು, ಅದಕ್ಕೆ ಬೇರೆ ಕಾಯಿಲೆ ಕಾರಣ ಆಗಿರಬಾರದು. ಮೊದಲ ದಿನದಿಂದಲೇ ಇರಬೇಕು ಅಂತಿಲ್ಲ. ಜ್ವರ ಬಿಟ್ಟು, ಚೆನ್ನಾಗಿದ್ದು, ಕೆಲವು ವಾರ ಕಳೆದ ಮೇಲೆ ಶುರುವಾಗಬಹುದು. ಬಂದು ಹೋಗಿ ಮಾಡಬಹುದು. ಆಗ ಟೆಸ್ಟ್ ಮಾಡಿಸಿರಲಿಲ್ಲ ಎಂದರೂ ಪರವಾಗಿಲ್ಲ, ಆ ಹೊತ್ತಿನ ಲಕ್ಷಣ ಮತ್ತು ಮನೆಯಲ್ಲಿ ಯಾರಿಗೆ ಬಂದಿತ್ತು ಎಂಬುದನ್ನು ಡಾಕ್ಟರಿಗೆ ಹೇಳಿ.

ಲಕ್ಷಣಗಳ ಪಟ್ಟಿ 200 ದಾಟುತ್ತದೆ. ಜಾಸ್ತಿ ಜನರಿಗೆ ಕಾಡುವುದು ಮಲಗಿದರೂ ಹೋಗದ ಸುಸ್ತು, ಉಬ್ಬಸ, ಎದೆಬಡಿತ, ತಲೆಗೆ ಮಂಕು ಕವಿದಂತೆ ಆಗುವುದು, ನಿದ್ದೆ ಬಾರದಿರುವುದು, ಮೈಕೈ ನೋವು, ವಾಸನೆ ರುಚಿ ಹೋಗುವುದು ಅಥವಾ ಬದಲಾಗುವುದು, ಎದ್ದು ನಿಂತರೆ ತಲೆ ತಿರುಗುವುದು. ಕೆಲವು ಹೆಂಗಸರಿಗೆ ಮುಟ್ಟಿನ ಲೆಕ್ಕ ತಪ್ಪುತ್ತದೆ.

ಕೋವಿಡ್ ಬಂದ 100 ಜನರಲ್ಲಿ ಸುಮಾರು 6 ಜನರಿಗೆ ಇದು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಐಸಿಯು ಸೇರಿದವರಿಗೆ ಅಪಾಯ ಜಾಸ್ತಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಹಾಗಂತ ಮನೆಯಲ್ಲೇ ಎರಡು ದಿನ ಪ್ಯಾರಾಸಿಟಮಾಲ್ ನುಂಗಿ ಎದ್ದವರಿಗೆ ಬರುವುದಿಲ್ಲ ಅಂತೇನಿಲ್ಲ. ನನ್ನ ಅಕ್ಕ ಆಸ್ಪತ್ರೆಯ ಮುಖವನ್ನೇ ನೋಡಿರಲಿಲ್ಲ. ಮಕ್ಕಳಿಗೂ ಬರುತ್ತದೆ.

ಯಾಕೆ ಬರುತ್ತದೆ ಎಂದರೆ ಒಂದೇ ಉತ್ತರ ಇಲ್ಲ. ವೈರಸ್ಸಿನ ತುಣುಕುಗಳು ದೇಹದ ಮೂಲೆಯಲ್ಲಿ ಉಳಿದಿರಬಹುದು. ರೋಗನಿರೋಧಕ ವ್ಯವಸ್ಥೆ ಶಾಂತವಾಗದೆ ನಮ್ಮ ಮೇಲೇ ತಿರುಗಿರಬಹುದು. ಸಣ್ಣ ರಕ್ತನಾಳಗಳಲ್ಲಿ ತೊಂದರೆ ಇರಬಹುದು. ಎದೆಬಡಿತ, ರಕ್ತದೊತ್ತಡ, ಬೆವರು ಇವನ್ನೆಲ್ಲ ನಾವು ಯೋಚಿಸದೆಯೇ ನೋಡಿಕೊಳ್ಳುವ ನರಮಂಡಲ ಹಳಿ ತಪ್ಪಿರಬಹುದು. ಒಬ್ಬೊಬ್ಬರಲ್ಲಿ ಒಂದೊಂದು, ಕೆಲವರಲ್ಲಿ ಎರಡು ಮೂರು ಒಟ್ಟಿಗೆ. ಇದು ಮನಸ್ಸಿನ ಭ್ರಮೆ ಅಲ್ಲ ಅನ್ನುವುದಂತೂ ಖಂಡಿತ. ಇದನ್ನು ಮೊದಲು ಗುರುತಿಸಿ ಗಟ್ಟಿಯಾಗಿ ಹೇಳಿದವರೇ ರೋಗಿಗಳು. 2020ರ ಮೇಯಲ್ಲಿ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೆಗೊ ಟ್ವಿಟರ್‌ನಲ್ಲಿ ತನ್ನ ಕಾಯಿಲೆಗೆ ಈ ಹೆಸರಿಟ್ಟು ಬರೆದರು, ಆಮೇಲೆ ವೈದ್ಯ ಲೋಕ ಅದನ್ನು ಹಿಡಿದುಕೊಂಡಿತು.

ಹೆಜ್ಜೆ 2: ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಲಾಂಗ್ ಕೋವಿಡ್‌ಗೆ ಅಂತಲೇ ಒಂದು ರಕ್ತಪರೀಕ್ಷೆ ಇಲ್ಲ. ಪರೀಕ್ಷೆ ಮಾಡಿಸುವುದು ಬೇರೆ ಕಾಯಿಲೆಗಳನ್ನು ಬದಿಗೆ ಸರಿಸಲಿಕ್ಕೆ. ನಮ್ಮ ಕರಾವಳಿಯಲ್ಲಿ ಈ ಹೆಜ್ಜೆಯನ್ನು ಹಾರಿಸಲೇಬಾರದು. ಮಂಗಳೂರಿಗೆ ಮಲೇರಿಯಾ ಹೊಸದಲ್ಲ, ಮಳೆ ಹಿಡಿದರೆ ಡೆಂಗಿ, ಗದ್ದೆ ತೋಟದ ಕೆಲಸದವರಿಗೆ ಇಲಿಜ್ವರ. ಜ್ವರ ಮರುಕಳಿಸುತ್ತಿದ್ದರೆ ಇವನ್ನು ಮೊದಲು ನೋಡಬೇಕು. 2 ವಾರಕ್ಕಿಂತ ಜಾಸ್ತಿ ಕೆಮ್ಮು, ತೂಕ ಇಳಿಯುವುದು, ಸಂಜೆ ಜ್ವರ ಇದ್ದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಡಾಕ್ಟರ್ ಹತ್ತಿರ ಕೇಳಬಹುದಾದವು: ಹಿಮೋಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆ, ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಶುಗರ್, ಕಿಡ್ನಿ, ಲಿವರ್, ಇಸಿಜಿ, ಎದೆಯ ಎಕ್ಸ್‌ರೇ. ಕೋವಿಡ್ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರು ಇದ್ದಾರೆ, ಹಾಗಾಗಿ ಶುಗರ್ ಬಿಡಬೇಡಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ, ಅದು ಒಂದೇ ಸಾಕು ಮನುಷ್ಯನನ್ನು ಕುಗ್ಗಿಸಲಿಕ್ಕೆ.

ಎಲ್ಲಿ ಹೋಗುವುದು? ಎಂಟು ಸ್ಪೆಷಲಿಸ್ಟ್‌ಗಳ ಹಿಂದೆ ಓಡುವ ಬದಲು ಒಬ್ಬ ಜನರಲ್ ಮೆಡಿಸಿನ್ ಡಾಕ್ಟರನ್ನು ಹಿಡಿಯಿರಿ. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇವೆ. ದೊಡ್ಡ ಪರೀಕ್ಷೆಗಳು ಬೇಕಾದರೆ ಎರಡೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಕೊರತೆ ಇಲ್ಲ.

ಹೋಗುವಾಗ ಒಂದು ಪುಟ ಬರೆದುಕೊಂಡು ಹೋಗಿ. ಕೋವಿಡ್ ಬಂದ ತಿಂಗಳು, ಈಗ ಕಾಡುವ ಮೂರು ಮುಖ್ಯ ತೊಂದರೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ತೆಗೆದುಕೊಳ್ಳುತ್ತಿರುವ ಮಾತ್ರೆ. "ಸುಸ್ತು ಸಾರ್" ಅಂದರೆ ಟಾನಿಕ್ ಬರೆದು ಕಳಿಸುತ್ತಾರೆ. "ಮೊದಲು ದಿನಾ ಬಸ್ ಹತ್ತಿ ಹಂಪನಕಟ್ಟೆಗೆ ಹೋಗಿ ಬರುತ್ತಿದ್ದೆ, ಈಗ ಸ್ನಾನ ಮಾಡಿದರೆ ಒಂದು ಗಂಟೆ ಮಲಗಬೇಕು" ಅಂದರೆ ಅವರು ಪೆನ್ ಕೆಳಗಿಟ್ಟು ಕೇಳುತ್ತಾರೆ. ಒಂದು ಕಡೆ ಅಕ್ಕನಿಗೆ "ನಿಮಗೇನೂ ಇಲ್ಲ, ಟೆನ್ಶನ್ ಕಡಿಮೆ ಮಾಡಿ" ಎಂದು ಎರಡು ನಿಮಿಷದಲ್ಲಿ ಎಬ್ಬಿಸಿ ಕಳಿಸಿದ್ದರು, ಹೊರಗೆ ಬೆಂಚಿನ ಮೇಲೆ ಕೂತು ಅವಳು ಅತ್ತದ್ದು ನನಗೆ ಮರೆಯುವುದಿಲ್ಲ. ನಿಮಗೆ ಹಾಗಾದರೆ ಡಾಕ್ಟರ್ ಬದಲಿಸಿ, ಹುಡುಕುವುದನ್ನು ಬಿಡಬೇಡಿ.

ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು, ಮುಖ ಅಥವಾ ಕೈ ಒಂದು ಬದಿ ಸೋಲುವುದು, ಒಂದೇ ಕಾಲು ಊದಿ ನೋಯುವುದು, ಸುಮ್ನೆ ಕೂತಿದ್ದಾಗಲೂ ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸುವುದು, ಇವು ಯಾವುದಾದರೂ ಇದ್ದರೆ ಲಾಂಗ್ ಕೋವಿಡ್ ಅಂತ ಸಮಾಧಾನ ಮಾಡಿಕೊಂಡು ಕೂರಬೇಡಿ. 108ಕ್ಕೆ ಫೋನ್ ಮಾಡಿ. ಕೋವಿಡ್ ನಂತರ ರಕ್ತ ಹೆಪ್ಪುಗಟ್ಟುವ, ಹೃದಯಾಘಾತದ ಅಪಾಯ ಹೆಚ್ಚುತ್ತದೆ ಅನ್ನುವುದು ಗೊತ್ತಿರುವ ವಿಷಯ.

ಹೆಜ್ಜೆ 3: ಸುಸ್ತಿನ ಲೆಕ್ಕ ಬರೆಯಿರಿ

ಇಲ್ಲಿ ಸ್ವಲ್ಪ ನಿಂತು ಓದಿ. ಉಳಿದ ಎಲ್ಲ ಹೆಜ್ಜೆಗಿಂತ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಇದೇ.

ಒಂದು ಭಾನುವಾರ ಉಡುಪಿಯಲ್ಲಿ ಸಂಬಂಧಿಕರ ಮದುವೆ ಇತ್ತು. ಅಕ್ಕ ಸೀರೆ ಉಟ್ಟು ಬಂದಳು, ಎಲ್ಲರ ಜೊತೆ ನಗುತ್ತಾ ಮಾತಾಡಿದಳು, ಊಟದ ಪಂಕ್ತಿಯಲ್ಲಿ ಓಡಾಡಿದಳು. ಸೋಮವಾರವೂ ಪರವಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದವಳು ಅರ್ಧಕ್ಕೇ ಬಾಚಣಿಗೆಯನ್ನು ಮಡಿಲಲ್ಲಿಟ್ಟು ಕೂತುಬಿಟ್ಟಳು. ಕಿಟಕಿಯ ಬೆಳಕು ಬೇಡ, ಮಿಕ್ಸಿಯ ಸದ್ದು ಬೇಡ, ಯಾರ ಮಾತೂ ಬೇಡ. ಎಲ್ಲರೂ ಸೆಕೆ ಅಂದರು, ಮದುವೆ ಊಟ ಅಂದರು. ಭಾನುವಾರದ ಓಡಾಟಕ್ಕೂ ಮಂಗಳವಾರದ ಈ ಅವಸ್ಥೆಗೂ ಯಾರೂ ಸಂಬಂಧ ಹಚ್ಚಲಿಲ್ಲ.

ಸಂಬಂಧ ಇದೆ. ಮೈಗೋ ತಲೆಗೋ ತನ್ನ ಮಿತಿ ಮೀರಿ ಕೆಲಸ ಬಿದ್ದರೆ, 12ರಿಂದ 48 ಗಂಟೆ ಕಳೆದು, ಕೆಲವರಿಗೆ ಇನ್ನೂ ತಡವಾಗಿ, ಎಲ್ಲ ಲಕ್ಷಣಗಳೂ ಒಟ್ಟಿಗೆ ಮೇಲೆ ಬೀಳುತ್ತವೆ. ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಇರುತ್ತದೆ. ಲಾಂಗ್ ಕೋವಿಡ್ ಇರುವ ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ತುಂಬಾ ಜನರಿಗೆ ಆಗುತ್ತದೆ. ಫೋನಿನಲ್ಲಿ ಜಗಳ ಆಡಿದರೂ, ಬ್ಯಾಂಕಿನ ಅರ್ಜಿ ತುಂಬಿಸಿದರೂ ಆಗಬಹುದು, ಯಾಕೆಂದರೆ ತಲೆಯ ಕೆಲಸವೂ ಕೆಲಸವೇ. 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಇಂಥವರ ತೊಡೆಯ ಸ್ನಾಯುವಿನ ಚೂರನ್ನು ವ್ಯಾಯಾಮದ ಮೊದಲು ಮತ್ತು ನಂತರ ತೆಗೆದು ನೋಡಿದರು. ವ್ಯಾಯಾಮದ ನಂತರ ಸ್ನಾಯುವಿಗೆ ಹಾನಿಯಾದದ್ದು, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಸರಿಯಾಗಿ ಕೆಲಸ ಮಾಡದಿರುವುದು ಕಂಡಿತು. ಸೋಮಾರಿತನ ಅನ್ನುವವರಿಗೆ ಇದನ್ನು ಹೇಳಿ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಇವತ್ತು ಮಾಡಿದ್ದು, ಬಲಗಡೆ ಇವತ್ತಿನ ಸುಸ್ತಿಗೆ 10ರಲ್ಲಿ ಎಷ್ಟು ಅಂಕ ಅನ್ನುವುದು. ಅಷ್ಟೇ ಸಾಕು, ಜಾಸ್ತಿ ಬರೆಯಲು ಹೋದರೆ ಅದೇ ಸುಸ್ತು. ಎರಡು ಮೂರು ವಾರ ಆದ ಮೇಲೆ ಸುಸ್ತು ಜಾಸ್ತಿ ಇದ್ದ ದಿನದ ಮೇಲೆ ಬೆರಳಿಟ್ಟು, ಅದರ ಹಿಂದಿನ ಎರಡು ದಿನ ಏನು ಮಾಡಿದ್ದಿರಿ ನೋಡಿ. ಬಟ್ಟೆ ಒಗೆದದ್ದಾ? ಸೆಂಟ್ರಲ್ ಮಾರ್ಕೆಟ್‌ಗೆ ಹೋಗಿ ಬಂದದ್ದಾ? ನೆಂಟರು ಬಂದು ಮೂರು ಗಂಟೆ ಕೂತದ್ದಾ? ನಿಮ್ಮ ಮಿತಿ ಎಲ್ಲಿದೆ ಅನ್ನುವುದು ಆಗ ತಾನಾಗಿ ಕಾಣುತ್ತದೆ.

ಕಂಡ ಮೇಲೆ ಆ ಮಿತಿಗಿಂತ ಸ್ವಲ್ಪ ಒಳಗೇ ನಿಲ್ಲಿ. ಚೆನ್ನಾಗಿರುವ ದಿನವೂ. ಕಷ್ಟ ಇರುವುದೇ ಇಲ್ಲಿ, ಯಾಕೆಂದರೆ ಮೈ ಹಗುರ ಅನ್ನಿಸಿದ ದಿನ ಬಾಕಿ ಉಳಿದ ಕೆಲಸ ಎಲ್ಲ ಮುಗಿಸಿಬಿಡೋಣ ಅನ್ನಿಸುತ್ತದೆ. ಏಪ್ರಿಲ್ ತಿಂಗಳ ನಮ್ಮ ಬಾವಿ ನೆನಪು ಮಾಡಿಕೊಳ್ಳಿ. ಎರಡು ಕೊಡ ಸೇದಿ ಬಿಟ್ಟರೆ ಒರತೆ ಬಂದು ಸಂಜೆಗೆ ಮತ್ತೆರಡು ಕೊಡ ಸಿಗುತ್ತದೆ. ಒಮ್ಮೆಲೇ ಪಂಪ್ ಹಾಕಿದರೆ ಕೆಸರು ಬರುತ್ತದೆ, ಮರುದಿನಕ್ಕೂ ನೀರಿಲ್ಲ.

ಮನೆಗೆಲಸದಲ್ಲಿ ಇದನ್ನು ಹೀಗೆ ತರಬಹುದು. ತರಕಾರಿ ಹೆಚ್ಚುವುದು, ಮೀನು ಶುಚಿ ಮಾಡುವುದು ಕುರ್ಚಿ ಮೇಜಿನಲ್ಲಿ, ಕೂತು. ತೆಂಗಿನಕಾಯಿ ತುರಿಯುವುದನ್ನು ಬೇರೆಯವರಿಗೆ ಬಿಡಿ, ಒಂದು ಸಲಕ್ಕೆ ಜಾಸ್ತಿ ತುರಿದು ಫ್ರಿಜ್‌ನಲ್ಲಿಡಲಿ. ಗುಡಿಸುವುದು ಇವತ್ತು ಒಂದು ಕೋಣೆ, ನಾಳೆ ಇನ್ನೊಂದು. ಯಾವ ಕೆಲಸವಾದರೂ ಸುಸ್ತಾಗುವ ಮೊದಲೇ ನಿಲ್ಲಿಸಿ ಕಣ್ಣು ಮುಚ್ಚಿ ಮಲಗಿ, ಮೊಬೈಲ್ ನೋಡುತ್ತಾ ಮಲಗುವುದು ವಿಶ್ರಾಂತಿಯಲ್ಲ. ಸ್ನಾನ ಮತ್ತು ಆಸ್ಪತ್ರೆ ಒಂದೇ ದಿನ ಇಟ್ಟುಕೊಳ್ಳಬೇಡಿ ಅನ್ನುವಷ್ಟು ಸೂಕ್ಷ್ಮವಾಗಿ ಯೋಚಿಸಬೇಕಾದವರೂ ಇದ್ದಾರೆ. ಮದುವೆ, ಭೂತದ ನೇಮ, ಯಕ್ಷಗಾನಕ್ಕೆ ಹೋಗಲೇಬಾರದು ಅಂತಲ್ಲ. ಹಿಂದಿನ ಎರಡು ದಿನ, ಮುಂದಿನ ಎರಡು ದಿನ ಖಾಲಿ ಇಟ್ಟುಕೊಂಡು, ಮೂಲೆಯಲ್ಲಿ ಒಂದು ಕುರ್ಚಿ ಹಿಡಿದು, ಮುಗಿಯುವ ಮೊದಲೇ ಎದ್ದು ಬನ್ನಿ.

ವಾಕಿಂಗ್, ಜಿಮ್, ಯೋಗ ಮಾಡಿದರೆ ಸರಿಹೋಗುತ್ತದೆ ಎಂದು ಹತ್ತು ಜನ ಹೇಳುತ್ತಾರೆ. ಕೆಲಸ ಮಾಡಿದ ನಂತರ ಬೀಳುವ ಈ ತೊಂದರೆ ನಿಮಗೆ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ನಿಧಾನಕ್ಕೆ ವ್ಯಾಯಾಮ ಹೆಚ್ಚಿಸಬಹುದು, ಅದರಿಂದ ಒಳ್ಳೆಯದೇ ಆಗುತ್ತದೆ. ಇದ್ದರೆ ದಯವಿಟ್ಟು ಬೇಡ. ಇದೇ ತೊಂದರೆ ಮುಖ್ಯವಾಗಿರುವ ದೀರ್ಘ ಆಯಾಸದ ಹಳೆಯ ಕಾಯಿಲೆಗೆ, ವಾರ ವಾರ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆಯನ್ನು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿದೆ.

ಹೆಜ್ಜೆ 4: ಎದ್ದು ನಿಂತಾಗ ಎದೆಬಡಿತ ನೋಡಿ

ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಕಣ್ಣು ಕತ್ತಲೆ, ಕೂತರೆ ಸರಿ. ಹೀಗಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. 10 ನಿಮಿಷ ಮಲಗಿ, ಆಕ್ಸಿಮೀಟರ್‌ನಲ್ಲಿ ನಾಡಿ ಎಷ್ಟು ಬರೆದುಕೊಳ್ಳಿ. ಆಮೇಲೆ ಗೋಡೆಗೆ ಒರಗಿ ಅಲುಗಾಡದೆ 10 ನಿಮಿಷ ನಿಲ್ಲಿ, ನಿಮಿಷಕ್ಕೊಮ್ಮೆ ಬರೆಯಿರಿ. ಬಿಪಿ ಮೆಷಿನ್ ಇದ್ದರೆ ಅದನ್ನೂ ನೋಡಿ. ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ ಮಲಗಿ. ದೊಡ್ಡವರಲ್ಲಿ ಬಿಪಿ ಇಳಿಯದೆ ನಾಡಿ ಮಾತ್ರ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ ಆ ಚೀಟಿ ಡಾಕ್ಟರಿಗೆ ತೋರಿಸಿ. ಇದನ್ನು ಪಾಟ್ಸ್ ಅನ್ನುತ್ತಾರೆ, ಇದಕ್ಕೆ ಔಷಧಿ ಇದೆ. ಹದಿಹರೆಯದವರಲ್ಲಿ ಈ ಲೆಕ್ಕ 40.

ಪಾಟ್ಸ್ ಇರುವವರಿಗೆ ನಮ್ಮ ಊರಿನ ಎರಡು ವಿಷಯ ಕಷ್ಟ. ಒಂದು ಸೆಕೆ. ಇನ್ನೊಂದು ಹಂಡೆಯ ಬಿಸಿನೀರು. ಸುಡುವ ನೀರನ್ನು ಮೈಮೇಲೆ ಹೊಯ್ದುಕೊಂಡರೆ ಸುಸ್ತು ಹೋಗುತ್ತದೆ ಅನ್ನುವುದು ನಮ್ಮ ನಂಬಿಕೆ, ಆದರೆ ಬಿಸಿಗೆ ರಕ್ತನಾಳ ಹಿಗ್ಗಿ ರಕ್ತ ಕಾಲಿಗೆ ಇಳಿಯುತ್ತದೆ, ಬಚ್ಚಲಲ್ಲೇ ಬೀಳುವ ಅಪಾಯ. ಉಗುರು ಬೆಚ್ಚಗಿನ ನೀರು, ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು, ಚಿಲಕ ಹಾಕದ ಬಾಗಿಲು. ಇಷ್ಟು ಮಾಡಿ.

ಪಾಟ್ಸ್ ಇರುವವರಿಗೆ ನೀರು ಮತ್ತು ಉಪ್ಪು ಜಾಸ್ತಿ ಬೇಕಾಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ತಿಳಿಯ ಸಮೇತ ಕುಡಿಯುವುದು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಎಲ್ಲ ಆಗುತ್ತದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು, ಬೊಂಡವೂ (ಎಳನೀರು) ಕಿಡ್ನಿ ತೊಂದರೆಯವರಿಗೆ ಒಳ್ಳೆಯದಲ್ಲ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಬೆಳಿಗ್ಗೆ ಏಳುವಾಗ ಮೊದಲು ಒಂದು ಲೋಟ ನೀರು, ಆಮೇಲೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ನಂತರ ಎದ್ದೇಳಿ.

ಹೆಜ್ಜೆ 5: ಉಸಿರು, ವಾಸನೆ, ಮರೆವು

ಉಬ್ಬಸ ಬಂದಾಗ ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲಿಡಿ. ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡಿ. ಆಕ್ಸಿಮೀಟರ್ ಹಾಕುವಾಗ ಉಗುರಿಗೆ ಬಣ್ಣ ಇರಬಾರದು, ಬೆರಳು ತಣ್ಣಗಿರಬಾರದು.

ವಾಸನೆ ಹೋದವರಿಗೆ ವಾಸನೆಯ ಅಭ್ಯಾಸ ಅಂತ ಇದೆ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪ್ರಕಟಿಸಿದರು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, ಒಂದೊಂದನ್ನೂ 10ರಿಂದ 20 ಸೆಕೆಂಡ್ ಮೆಲ್ಲಗೆ ಮೂಸುವುದು, ಮೂಸುವಾಗ ಆ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳುವುದು. ಕನಿಷ್ಠ 12 ವಾರ. ಖರ್ಚಿಲ್ಲ, ಅಪಾಯವಿಲ್ಲ. ಅಕ್ಕ ಇವುಗಳ ಜೊತೆ ಶಂಕರಪುರದ ಮಲ್ಲಿಗೆಯನ್ನೂ ಇಟ್ಟುಕೊಂಡಿದ್ದಳು. ಅದರ ಘಮ ಗೊತ್ತಾಗದೆ ಹೋದದ್ದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ದುಃಖವಾಗಿತ್ತು. ಅಡುಗೆಮನೆಯಲ್ಲಿ ಎಚ್ಚರ ಇರಲಿ: ಗ್ಯಾಸ್ ಸೋರಿದರೂ ಇವರಿಗೆ ತಿಳಿಯುವುದಿಲ್ಲ, ರೆಗ್ಯುಲೇಟರ್ ಆಫ್ ಮಾಡುವ ಅಭ್ಯಾಸ ಮಾಡಿ, ಹಳಸಿದ ಸಾಂಬಾರನ್ನು ಬೇರೆಯವರು ಮೂಸಿ ನೋಡಲಿ.

ಮರೆವಿಗೆ ಚೀಟಿ, ಅಲಾರಾಂ, ಮಾತ್ರೆಯ ಡಬ್ಬಿ. ಒಂದು ಸಲಕ್ಕೆ ಒಂದೇ ಕೆಲಸ. ತಲೆ ಮಂಕಾದಾಗ ಸ್ಕೂಟರ್ ಬಿಡಬೇಡಿ.

ಹೆಜ್ಜೆ 6: ಔಷಧಿ ವಿಷಯದಲ್ಲಿ ಆತುರ ಬೇಡ

ಲಾಂಗ್ ಕೋವಿಡ್ಡನ್ನು ಬುಡಸಮೇತ ತೆಗೆಯುವ ಮಾತ್ರೆ ಸದ್ಯಕ್ಕಿಲ್ಲ. ನಿದ್ದೆ, ನೋವು, ಎದೆಬಡಿತ, ತಲೆನೋವು ಹೀಗೆ ಒಂದೊಂದಕ್ಕೆ ಚಿಕಿತ್ಸೆ ಇದೆ, ಅದರಿಂದ ಬದುಕು ಎಷ್ಟೋ ಸುಲಭ ಆಗುತ್ತದೆ. ಕೋವಿಡ್‌ನ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಾಂಗ್ ಕೋವಿಡ್ ಇರುವವರಿಗೆ 15 ದಿನ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರ ಫಲ 2024ರಲ್ಲಿ ಬಂತು, ಹೋಲಿಸಿ ನೋಡಲು ಕೊಟ್ಟ, ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಪ್ರಯತ್ನ ನಡೆಯುತ್ತಿದೆ. ಅಲ್ಲಿಯವರೆಗೆ "ಡ್ರಿಪ್ ಹಾಕಿಸಿಕೊಂಡರೆ ಒಂದೇ ವಾರದಲ್ಲಿ ಸರಿ" ಅನ್ನುವವರಿಗೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಉಳಿದ ಸ್ಟೆರಾಯ್ಡ್ ಮಾತ್ರೆಯನ್ನು ನೀವಾಗಿ ನುಂಗಬೇಡಿ. 2021ರಲ್ಲಿ ಸ್ಟೆರಾಯ್ಡ್ ಮತ್ತು ಹತೋಟಿಯಲ್ಲಿಲ್ಲದ ಶುಗರ್ ಸೇರಿ ಕಪ್ಪು ಶಿಲೀಂಧ್ರ ಹೇಗೆ ಹಬ್ಬಿತು ಅಂತ ನಾವೆಲ್ಲ ನೋಡಿದ್ದೇವೆ ಅಲ್ವಾ. ಕಷಾಯವೂ ಅಷ್ಟೇ. ಜೀರಿಗೆ, ಕೊತ್ತಂಬರಿ ಕಷಾಯ ಕುಡಿಯಿರಿ, ಏನೂ ಆಗುವುದಿಲ್ಲ. ಆದರೆ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಿ ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಏನು ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಮತ್ತೆ ಕೋವಿಡ್ ಬಂದರೆ ತೊಂದರೆ ಹೆಚ್ಚಬಹುದು. ಲಸಿಕೆ ಹಾಕಿಸಿಕೊಂಡವರಲ್ಲಿ ಲಾಂಗ್ ಕೋವಿಡ್ ಅಪಾಯ ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ಆಸ್ಪತ್ರೆಯ ಕಾರಿಡಾರ್, ಕಿಟಕಿ ಮುಚ್ಚಿದ ಎಸಿ ಬಸ್ಸು, ತುಂಬಿದ ಮದುವೆ ಹಾಲ್, ಇಲ್ಲೆಲ್ಲ ಒಳ್ಳೆಯ ಮಾಸ್ಕ್ ಹಾಕಿ. ಯಾರು ನೋಡಿದರೂ ನೋಡಲಿ.

ಹೆಜ್ಜೆ 7: ಕೆಲಸದ ಜಾಗದಲ್ಲಿ ಬಾಯಿಬಿಟ್ಟು ಕೇಳಿ

ರೋಗದ ಹೆಸರು ಹೇಳುವುದಕ್ಕಿಂತ ಏನು ಬೇಕು ಅಂತ ಹೇಳುವುದು ಜಾಸ್ತಿ ಕೆಲಸ ಮಾಡುತ್ತದೆ. ಡಾಕ್ಟರ್ ಹತ್ತಿರ ಪತ್ರ ಬರೆಸಿಕೊಳ್ಳಿ: ವಾರದಲ್ಲಿ ಇಷ್ಟು ದಿನ ಮನೆಯಿಂದ ಕೆಲಸ, ನಿಲ್ಲುವ ಕೆಲಸದ ಬದಲು ಕೂರುವ ಕೆಲಸ, ಮಧ್ಯಾಹ್ನ ಮಲಗಲು ಅರ್ಧ ಗಂಟೆ. ಅಂತರರಾಷ್ಟ್ರೀಯ ರೋಗಪಟ್ಟಿಯಲ್ಲಿ ಇದಕ್ಕೆ ಯು09.9 ಎಂಬ ಸಂಕೇತ ಇದೆ, ಅದನ್ನೂ ಪತ್ರದಲ್ಲಿ ಬರೆಯಲು ಕೇಳಿ. ಟೀಚರ್ ಆಗಿದ್ದರೆ ಮೇಲಿನ ಮಹಡಿಯ ಕ್ಲಾಸು ಬೇಡ ಎನ್ನಿ. ಬೀಡಿ ಕಟ್ಟುವವರು, ಮೀನು ಮಾರುವವರು, ಕೂಲಿಗೆ ಹೋಗುವವರಿಗೆ ಪತ್ರ ಕೊಡಲು ಆಫೀಸೇ ಇಲ್ಲ, ಅವರ ಪಾಲಿನ ಕೆಲಸವನ್ನು ಮನೆಯವರು ಹಂಚಿಕೊಳ್ಳದೆ ಬೇರೆ ದಾರಿಯೂ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಹೆಜ್ಜೆ 8: ಮನೆಯವರಿಗೆ

ಕಾಯಿಲೆ ಇರುವವರಿಗೆ ಕೆಲಸ ಮಾಡಲು ಮನಸ್ಸಿದೆ, ಮೈ ಬಿಡುತ್ತಿಲ್ಲ. ಯಾವುದರಲ್ಲೂ ಆಸೆಯೇ ಉಳಿದಿಲ್ಲ ಅನ್ನಿಸಿದರೆ ಜೊತೆಗೆ ಖಿನ್ನತೆಯೂ ಸೇರಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಲ್ಲಿ ಸಹಾಯ ಕೇಳಿದ ಮಾತ್ರಕ್ಕೆ ಇದು ಮನಸ್ಸಿನದೇ ಕಾಯಿಲೆ ಅಂತ ಆಗುವುದಿಲ್ಲ.

"ನಿನ್ನೆ ಚೆನ್ನಾಗಿದ್ದೆಯಲ್ಲ" ಅನ್ನುವ ಮಾತು ಬೇಡ. ನಿನ್ನೆ ಚೆನ್ನಾಗಿದ್ದುದರ ಲೆಕ್ಕವನ್ನೇ ಇವತ್ತು ತೀರಿಸುತ್ತಿರುತ್ತಾರೆ. "ಏನಾದರೂ ಬೇಕಾದರೆ ಹೇಳು" ಅಂತಲೂ ಅನ್ನಬೇಡಿ, ಯೋಚಿಸಿ ಹೇಳುವುದೂ ಅವರಿಗೆ ಕೆಲಸ. "ಮಧ್ಯಾಹ್ನದ ಅಡುಗೆ ನಾನು ತರುತ್ತೇನೆ", "ಮಗುವನ್ನು ಶಾಲೆಗೆ ನಾನು ಬಿಡುತ್ತೇನೆ" ಎಂದು ಮಾಡಿಬಿಡಿ. ನೋಡಲು ಹೋಗುವ ನೆಂಟರು ಮೊದಲು ಫೋನ್ ಮಾಡಿ, ನೆಗಡಿ ಕೆಮ್ಮು ಇದ್ದರೆ ಹೋಗಬೇಡಿ. ಹೋದರೆ ಚಹಾ ನೀವೇ ಮಾಡಿಕೊಳ್ಳಿ, ಅವರು ಮಲಗಿಕೊಂಡೇ ಮಾತಾಡಲಿ, ಅರ್ಧ ಗಂಟೆಯೊಳಗೆ ಎದ್ದು ಬನ್ನಿ.